ವರ್ಗಸಮೀಕರಣವೂ ಅಮ್ಮನ ಪಾರಿಜಾತವೂ

ಗಣಿತದ ಪ್ರಶ್ನಪತ್ರಿಕೆಯಲ್ಲಿ ಎಲ್ಲಕ್ಕಿಂತ ಕಠಿಣವಾದ ಮಾತು ಯಾವುದೆಂದು ಯಾರಾದರೂ ಕೇಳಿದರೆ ನಾನು ಲೆಕ್ಕಗಳ ಕಡೆಗೆ ಬೆರಳು ತೋರಿಸಲಾರೆ. ಲೆಕ್ಕದ ತುದಿಯಲ್ಲಿ, ಏನನ್ನೂ ಅರಿಯದ ಸಾಧುವಿನಂತೆ ನಿಂತಿರುವ ಒಂದು ಪುಟ್ಟ ಆಜ್ಞೆಯನ್ನು ತೋರಿಸುತ್ತೇನೆ: 'ಉತ್ತರವನ್ನು ಸುಲಭೀಕರಿಸಿ.' ಲೆಕ್ಕವನ್ನು ಬಿಡಿಸುವುದಕ್ಕೆ ಸೂತ್ರವುಂಟು. ಸೂತ್ರವನ್ನು ಬಾಯಿಪಾಠ ಮಾಡಬಹುದು. ಸುಲಭೀಕರಿಸುವುದಕ್ಕೆ ಮಾತ್ರ ವಿವೇಕ ಬೇಕು. ಯಾವುದನ್ನು ಹೊಡೆದುಹಾಕಬಹುದು, ಯಾವುದನ್ನು ಮುಟ್ಟಬಾರದು, ಎಲ್ಲಿ ನಿಲ್ಲಿಸಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬಲ್ಲವನು ಗಣಿತದಲ್ಲಿ ಮಾತ್ರವೇ ಏಕೆ, ಸಂಸಾರದಲ್ಲಿಯೂ ಉತ್ತೀರ್ಣನಾಗುತ್ತಾನೆ.

ಕನ್ನಡದ ಎಂ.ಎ. ಪದವೀಧರನೂ ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವವನೂ ಆದ ನನಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರವೇನೆಂದು ವಾಚಕರು ಕೇಳಬಹುದು. ಅಧಿಕಾರವೇನೂ ಇಲ್ಲ, ಇರುವುದು ಅನಿವಾರ್ಯತೆ ಮಾತ್ರ. ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ಒಂದು ಮಗು ಎಸ್.ಎಸ್.ಎಲ್.ಸಿ. ತರಗತಿಗೆ ಬಂದಿತೆಂದರೆ ಇಡೀ ಕುಟುಂಬವೇ ಆ ತರಗತಿಗೆ ಸೇರಿದಂತೆ. ದೂರದರ್ಶನ ಪೆಟ್ಟಿಗೆಯ ಬಾಯಿ ಮುಚ್ಚುತ್ತದೆ, ನೆಂಟರ ಆಗಮನ ಏಪ್ರಿಲ್ ತಿಂಗಳಿಗೆ ಮುಂದೆ ಹೋಗುತ್ತದೆ, ಹಾಲು ಬಾದಾಮಿಹಾಲಾಗುತ್ತದೆ. ನಮ್ಮಲ್ಲಿ ಅಣ್ಣನ ಮಗಳು ಆ ತರಗತಿಗೆ ಬಂದಳು. ಅವಳ ತಂದೆ ಎಂಜಿನಿಯರು. ಗಣಿತ ಹೇಳಿಕೊಡುವುದು ಧರ್ಮಪ್ರಕಾರ ಆತನ ಕೆಲಸ. ಆದರೆ ಹೊಸೂರು ರಸ್ತೆಯ ವಾಹನಸಂದಣಿಯನ್ನು ಭೇದಿಸಿ ಆತ ಮನೆ ಸೇರುವ ಹೊತ್ತಿಗೆ ಮಗು ಆಕಳಿಸುತ್ತಿರುತ್ತದೆ. ಸಂಜೆ ಐದಕ್ಕೆ ಮನೆಯಲ್ಲಿರುವ ಗಂಡಸು ನಾನೊಬ್ಬನೇ. ಹೀಗೆ ಪಂಪ ರನ್ನರನ್ನು ಪಕ್ಕಕ್ಕೆ ಸರಿಸಿ ನಾನು ವರ್ಗಸಮೀಕರಣಗಳ ಮುಂದೆ ಕುಳಿತೆ.

ಕುಳಿತ ಮೊದಲ ದಿನವೇ ನನ್ನ ಗಮನವನ್ನು ಸೆಳೆದದ್ದು ಲೆಕ್ಕವಲ್ಲ, ಮಾತು. ಮೇಲೆ ಹೇಳಿದ ಆಜ್ಞೆಯನ್ನು ಗಣಿತದ ಪುಸ್ತಕಗಳು ಒಂದು ಕಡೆ 'ಸುಲಭೀಕರಿಸಿ' ಎಂದರೆ ಇನ್ನೊಂದು ಕಡೆ 'ಸಂಕ್ಷೇಪಿಸಿ' ಎನ್ನುತ್ತವೆ. ಗಣಿತದವರಿಗೆ ಎರಡೂ ಒಂದೇ. ಭಾಷೆಯವನಾದ ನನಗೆ ಒಂದಲ್ಲ. ಸಂಕ್ಷೇಪವೆಂದರೆ ಏನನ್ನಾದರೂ ಬಿಟ್ಟುಕೊಡುವುದು. ನಮ್ಮ ನೆರೆಯ ಬಡಾವಣೆಗಳ ಹೆಸರುಗಳನ್ನೇ ನೋಡಿ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಸೇರಿ ಬಿ.ಟಿ.ಎಂ. ಆದವು. ಅಲ್ಲಿಯೇ ಬೆಳೆದ ನನ್ನ ವಿದ್ಯಾರ್ಥಿಗಳಲ್ಲಿ ಆ ಮೂರು ಅಕ್ಷರಗಳನ್ನು ಬಿಡಿಸಿ ಹೇಳಬಲ್ಲವರು ವಿರಳ. ಜಯಪ್ರಕಾಶ ನಾರಾಯಣರ ಹೆಸರಿನ ನಗರ ಜೆ.ಪಿ. ನಗರವಾಯಿತು, ಬಸ್ಸಿನ ಫಲಕಕ್ಕೆ ಅನುಕೂಲವಾಯಿತು, ನೆನಪಿಗೆ ಆಗಲಿಲ್ಲ. ಇದು ಸಂಕ್ಷೇಪ. ಗಣಿತದ ಸುಲಭೀಕರಣ ಈ ಜಾತಿಯದಲ್ಲ. ಅಲ್ಲಿ ರೂಪ ಬದಲಾಗುತ್ತದೆ, ಬೆಲೆ ಬದಲಾಗಬಾರದು. ಹನ್ನೆರಡರಲ್ಲಿ ಆರು ಭಾಗವನ್ನು ಎರಡರಲ್ಲಿ ಒಂದು ಭಾಗವೆಂದು ಬರೆದಾಗ ಎಳ್ಳಷ್ಟೂ ನಷ್ಟವಿಲ್ಲ. ಈ ಭೇದವನ್ನು ಮಗುವಿಗೆ ವಿವರಿಸಿದಾಗ ಅವಳು, 'ಚಿಕ್ಕಪ್ಪ, ಇದು ಪರೀಕ್ಷೆಗೆ ಬರುತ್ತಾ?' ಎಂದು ಕೇಳಿದಳು. ಬರುವುದಿಲ್ಲ. ಆದರೆ ನಮ್ಮ ಮನೆಗೆ ಬಂದಿತು. ಆ ಕಥೆಯನ್ನು ಮುಂದೆ ಹೇಳುತ್ತೇನೆ.

ಪಠ್ಯಪುಸ್ತಕದ ದೋಣಿಗಳೂ ರೈಲುಗಳೂ ಅವಳಿಗೆ ಬೇಸರ ತಂದಿದ್ದವು. ಆದುದರಿಂದ ನಮ್ಮ ಕಡೆಯದೇ ಆದ ಲೆಕ್ಕವೊಂದನ್ನು ಕಟ್ಟಿದೆ. ದಕ್ಷಿಣ ಬೆಂಗಳೂರಿನಲ್ಲಿ ಮನುಷ್ಯನ ಅಂತಸ್ತನ್ನು ತಿಳಿಸುವುದಕ್ಕೆ ಒಂದು ಗುಣಾಕಾರವಿದೆ. 'ಅವರದು ಮೂವತ್ತು ನಲವತ್ತು', 'ಇವರದು ನಲವತ್ತು ಅರವತ್ತು' ಎಂದರೆ ಸಾಕು; ಉಳಿದುದನ್ನು ಕೇಳುವವರು ತಾವೇ ಊಹಿಸಿಕೊಳ್ಳುತ್ತಾರೆ. ೧೯೪೫ರಲ್ಲಿ ಸ್ಥಾಪಿತವಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡೂ, ೧೯೭೬ರಲ್ಲಿ ಅದರ ಸ್ಥಾನಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಹೊಲಗದ್ದೆಗಳ ಮೇಲೆ ಇಂಥ ಆಯತಗಳನ್ನು ಎಳೆದವು. ಹೀಗಾಗಿ ಬನಶಂಕರಿಯ ಮಗುವಿಗೆ ಆಯತದ ವಿಸ್ತೀರ್ಣವನ್ನು ಯಾರೂ ಕಲಿಸಬೇಕಾಗಿಲ್ಲ.

ಲೆಕ್ಕ ಇಷ್ಟೇ: ೩೦ ಅಡಿ ಅಗಲ, ೪೦ ಅಡಿ ಉದ್ದದ ನಿವೇಶನ. ನಾಲ್ಕು ಕಡೆಯೂ ಸಮನಾಗಿ ಜಾಗ ಬಿಟ್ಟು ನಡುವೆ ಮನೆ ಕಟ್ಟಬೇಕು. ಮನೆ ನಿವೇಶನದ ಸರಿಯಾಗಿ ಅರ್ಧವನ್ನು ಆಕ್ರಮಿಸಬೇಕು. ಬಿಡಬೇಕಾದ ಜಾಗದ ಅಗಲವೆಷ್ಟು? ತಿಳಿಯದ ಆ ಅಗಲಕ್ಕೆ ನಮ್ಮ ಪ್ರಾಚೀನರು 'ಯಾವತ್ತಾವತ್' ಎಂದು ಹೆಸರಿಟ್ಟಿದ್ದರು. ಎಷ್ಟೋ ಅಷ್ಟು ಎಂದು ಅದರ ಅರ್ಥ. ಬರೆಯುವಾಗ 'ಯಾ' ಎಂದರೆ ಸಾಕು. ಎರಡನೆಯ ಅಜ್ಞಾತ ಬಂದರೆ ಕಾಲಕ, ಮೂರನೆಯದು ನೀಲಕ, ನಾಲ್ಕನೆಯದು ಪೀತಕ ಎಂದು ಬಣ್ಣಗಳ ಹೆಸರುಗಳು. ನಮ್ಮ ಲೆಕ್ಕದಲ್ಲಿ ಅಜ್ಞಾತ ಒಂದೇ. ಎರಡು ಕಡೆ ಯಾ ಬಿಟ್ಟರೆ ಮನೆಯ ಅಗಲ ೩೦ರಲ್ಲಿ ೨ ಯಾ ಕಡಿಮೆ. ಉದ್ದ ೪೦ರಲ್ಲಿ ೨ ಯಾ ಕಡಿಮೆ. ಎರಡನ್ನೂ ಗುಣಿಸಿದರೆ ೬೦೦ ಚದರಡಿ ಬರಬೇಕು. ಗುಣಿಸಿ, ಎಲ್ಲ ಪದಗಳನ್ನೂ ಒಂದು ಕಡೆಗೆ ತಂದು, ೪ರಿಂದ ಭಾಗಿಸಿದಾಗ ಉಳಿಯುವುದು:

ಯಾ-ವರ್ಗ – ೩೫ ಯಾ + ೧೫೦ = ೦

ಕೂಡಿದರೆ ೩೫, ಗುಣಿಸಿದರೆ ೧೫೦ ಬರುವ ಎರಡು ಸಂಖ್ಯೆಗಳು ಯಾವುವು? ಮಗು ಎರಡು ನಿಮಿಷದಲ್ಲಿ ಹಿಡಿದಳು: ೫ ಮತ್ತು ೩೦. ಐದಡಿ ಬಿಟ್ಟರೆ ಮನೆ ೨೦ ಅಡಿಗೆ ೩೦ ಅಡಿ, ೬೦೦ ಚದರಡಿ. ತಾಳೆಯಾಯಿತು.

'ಹಾಗಾದರೆ ಮೂವತ್ತು?' ಎಂದಳು ಮಗು. ಮೂವತ್ತೇ ಅಡಿ ಅಗಲದ ನಿವೇಶನದಲ್ಲಿ ಎಡಕ್ಕೆ ಮೂವತ್ತಡಿ, ಬಲಕ್ಕೆ ಮೂವತ್ತಡಿ ಬಿಡುವುದು ಹೇಗೆ? ಮನೆಯ ಅಗಲ ಋಣ ೩೦, ಉದ್ದ ಋಣ ೨೦. ಆದರೆ ಎರಡನ್ನೂ ಗುಣಿಸಿದರೆ ನಗುನಗುತ್ತ ೬೦೦ ಬರುತ್ತದೆ! ಕ್ರಿ.ಶ. ೬೨೮ರಲ್ಲಿಯೇ ಬ್ರಹ್ಮಗುಪ್ತ ಧನ, ಋಣ ಎಂಬ ಮಾತುಗಳಲ್ಲಿ ಈ ನಿಯಮವನ್ನು ವಿಧಿಸಿದ್ದಾನೆ: ಋಣವನ್ನು ಋಣದಿಂದ ಗುಣಿಸಿದರೆ ಧನ. ಎರಡು ಸಾಲಗಳನ್ನು ಒಂದಕ್ಕೊಂದು ಗುಣಿಸಿ ಸಿರಿವಂತನಾಗುವ ಈ ಉಪಾಯವನ್ನು ಯಾವ ಬ್ಯಾಂಕಿನವರೂ ಒಪ್ಪರೆಂಬುದು ಬೇರೆ ಮಾತು. ಸಮೀಕರಣಕ್ಕೆ ಮನೆಯೆಂದರೇನೆಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಯಾವ ಉತ್ತರದಲ್ಲಿ ಮನುಷ್ಯರು ವಾಸಮಾಡಬಹುದೆಂದು ಆರಿಸುವ ಹೊಣೆ ಲೆಕ್ಕ ಮಾಡಿದವನದು.

ಈ ಹೊಣೆಯನ್ನು ಭಾಸ್ಕರಾಚಾರ್ಯರು ಕಪಿಗಳ ಮೂಲಕ ತಿಳಿಸಿದ್ದಾರೆ. ೧೧೫೦ರಲ್ಲಿ ಅವರು ರಚಿಸಿದ ಸಿದ್ಧಾಂತ ಶಿರೋಮಣಿಯ ಬೀಜಗಣಿತ ಭಾಗದಲ್ಲಿ ಎರಡು ಕಪಿಹಿಂಡುಗಳಿವೆ. ಮೊದಲನೆಯ ಹಿಂಡಿನ ಎಂಟನೆಯ ಒಂದು ಭಾಗದ ವರ್ಗದಷ್ಟು ಕಪಿಗಳು ಕಾಡಿನಲ್ಲಿ ಆಡುತ್ತಿವೆ, ಮಿಕ್ಕ ೧೨ ಗುಡ್ಡದ ಮೇಲಿವೆ. ಹಿಂಡು ೧೬ ಇರಬಹುದು, ೪೮ ಇರಬಹುದು, ಎರಡೂ ಸರಿ. ಎರಡನೆಯ ಹಿಂಡಿನ ಐದನೆಯ ಒಂದು ಭಾಗದಲ್ಲಿ ಮೂರು ಕಳೆದು ಬಂದುದರ ವರ್ಗದಷ್ಟು ಕಪಿಗಳು ಗುಹೆ ಸೇರಿವೆ, ಒಂದು ಮಾತ್ರ ಕೊಂಬೆಯ ಮೇಲೆ ಕಾಣುತ್ತದೆ. ಇಲ್ಲಿ ೫೦ ಮತ್ತು ೫ ಎಂದು ಎರಡು ಉತ್ತರ. ಐದರ ಐದನೆಯ ಭಾಗ ಒಂದು. ಒಂದರಲ್ಲಿ ಮೂರು ಕಳೆದರೆ ಋಣ ಎರಡು. ಋಣ ಎರಡು ಕಪಿಗಳನ್ನು ಲೋಕದ ಜನ ಒಪ್ಪುವುದಿಲ್ಲವಾದ್ದರಿಂದ ಆ ಉತ್ತರವನ್ನು ಸ್ವೀಕರಿಸಬಾರದೆಂದು ಆಚಾರ್ಯರ ಅಭಿಪ್ರಾಯ. ಗಣಿತ ಒಪ್ಪಿದುದನ್ನು ಲೋಕ ಒಪ್ಪದಿದ್ದರೆ ಲೋಕದ ಮಾತನ್ನು ಕೇಳುವುದು ಲೌಕಿಕ ಗಣಿತದ ಮರ್ಯಾದೆ.

ಇಷ್ಟು ಹೇಳಿದ ಮೇಲೆ ನನ್ನ ಸ್ವಂತ ಕ್ಷೇತ್ರದ ಅಭಿಮಾನವೂ ತಲೆಯೆತ್ತಿತು. ಕನ್ನಡ ಓದಿದವರೆಲ್ಲರೂ ಮಾನ್ಯಖೇಟವನ್ನು ಬಲ್ಲರು. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ ಅದು. ಅಮೋಘವರ್ಷ ನೃಪತುಂಗನ ರಾಜಧಾನಿ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನ. ಆದರೆ ಅದೇ ದೊರೆಯನ್ನು ಸ್ತುತಿಸಿ, ಸುಮಾರು ಕ್ರಿ.ಶ. ೮೫೦ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದರೆಂಬುದನ್ನು ನಾವು ತರಗತಿಯಲ್ಲಿ ಹೇಳುವುದು ಅಪರೂಪ. ೧೯೧೨ರಲ್ಲಿ ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ೨೦೦೦ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂದಿತು. ಕನ್ನಡದಲ್ಲಿಯೇ ಗಣಿತವನ್ನು ಬರೆದ ರಾಜಾದಿತ್ಯ ಹನ್ನೆರಡನೆಯ ಶತಮಾನದವನು. ಅವನ ವ್ಯವಹಾರಗಣಿತ, ಕ್ಷೇತ್ರಗಣಿತಗಳು ನಮ್ಮ ಸಾಹಿತ್ಯ ಚರಿತ್ರೆಯಲ್ಲಿಯೇ ಇವೆ. ಅಂದಮೇಲೆ ಕನ್ನಡ ಮೇಷ್ಟರು ಗಣಿತ ಹೇಳುವುದರಲ್ಲಿ ಅಪಚಾರವೇನೂ ಇಲ್ಲ.

ಮಹಾವೀರರ ಒಂಟೆಗಳ ಲೆಕ್ಕವನ್ನು ಮಗುವಿಗೆ ಕೊಟ್ಟೆ. ಹಿಂಡಿನ ಕಾಲುಭಾಗ ಕಾಡಿನಲ್ಲಿದೆ. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿನಲ್ಲಿದೆ. ಉಳಿದ ೧೫ ಒಂಟೆಗಳು ನದಿಯ ದಡದಲ್ಲಿವೆ. ಒಟ್ಟು ಎಷ್ಟು? ಹಿಂಡನ್ನು ಹಿಡಿಯಲು ಹೋಗದೆ ಅದರ ಮೂಲವನ್ನು ಹಿಡಿಯಬೇಕು. ಮೂಲವನ್ನೇ ಯಾ ಎಂದುಕೊಂಡರೆ ವರ್ಗಸಮೀಕರಣವಾಗುತ್ತದೆ. ಮೂಲ ೬, ಹಿಂಡು ೩೬. ಕಾಡಿನಲ್ಲಿ ೯, ತಪ್ಪಲಿನಲ್ಲಿ ೧೨, ದಡದಲ್ಲಿ ೧೫. ಮೂಲವೆಂಬ ಮಾತೇ ಎಷ್ಟು ಸೊಗಸು! ಗಿಡದ ಬೇರಿಗೂ ಅದೇ ಹೆಸರು, ಸಂಖ್ಯೆಯ ಹುಟ್ಟಿಗೂ ಅದೇ ಹೆಸರು. ಅರಬ್ಬರೂ ಲ್ಯಾಟಿನ್ ಪಂಡಿತರೂ ತಮ್ಮ ತಮ್ಮ ಭಾಷೆಗಳಲ್ಲಿ ಅದನ್ನು ಬೇರು ಎಂದೇ ಕರೆದರು.

ನಮ್ಮ ಮನೆಯಲ್ಲಿ ಆಗ ಬೇರಿನ ವಿಷಯವೇ ವಿವಾದದಲ್ಲಿತ್ತು. ತಂದೆಯವರು ಬನಶಂಕರಿಯಲ್ಲಿ ನಲವತ್ತು ಅರವತ್ತರ ನಿವೇಶನದಲ್ಲಿ ಪುಟ್ಟ ಮನೆಯೊಂದನ್ನು ಕಟ್ಟಿ, ಸುತ್ತಲೂ ಮಣ್ಣು ಉಳಿಸಿ, ಹೊರಟುಹೋದರು. ಆ ಮಣ್ಣಿನಲ್ಲಿ ಒಂದು ತೆಂಗು, ಒಂದು ಕರಿಬೇವು, ಎರಡು ದಾಸವಾಳ, ಮೂಡಲ ಗೋಡೆಯ ಬಳಿ ಒಂದು ಪಾರಿಜಾತ. ಮನೆ ಹಳತಾಗಿ ಮಾಳಿಗೆ ಸೋರತೊಡಗಿತು. ಕೆಡವಿ ಕಟ್ಟುವುದೆಂದು ತೀರ್ಮಾನವಾಯಿತು. ಅಣ್ಣ ಒಂದು ಯೋಜನೆ ತಂದ: ಕಾನೂನು ಬಿಡಲೇಬೇಕೆಂದು ಹೇಳುವಷ್ಟನ್ನು ಮಾತ್ರ ಬಿಟ್ಟು, ಅದಕ್ಕೂ ಸಿಮೆಂಟು ಬಳಿದು, ಕೆಳಗೆ ಕಾರುಗಳು, ಮೇಲೆ ಮೂರು ಅಂತಸ್ತು, ಬಾಡಿಗೆ. 'ಸುಲಭವಾಗಿ ಮುಗಿಸೋಣ' ಎಂಬುದು ಆತನ ಪಲ್ಲವಿ. ಆತನನ್ನು ಲೋಭಿಯೆಂದು ವಾಚಕರು ಭಾವಿಸಬಾರದು. ಕಟ್ಟಡದ ಸಾಲ, ಮಗಳ ಮುಂದಿನ ವಿದ್ಯಾಭ್ಯಾಸ, ಅಮ್ಮನ ಔಷಧ, ಎಲ್ಲವೂ ಆತನ ತಲೆಯ ಮೇಲಿದ್ದವು. ಅಮ್ಮ ಮಾತ್ರ ಯಾವುದನ್ನೂ ವಿರೋಧಿಸಲಿಲ್ಲ, ಯಾವುದಕ್ಕೂ ಒಪ್ಪಲಿಲ್ಲ. ಊಟಕ್ಕೆ ಬಡಿಸುವಾಗ ಅವರ ಮೌನ ನಮ್ಮೆಲ್ಲರ ತಟ್ಟೆಗೂ ಬೀಳುತ್ತಿತ್ತು.

ಒಂದು ಸಂಜೆ, ಮೂವತ್ತು ನಲವತ್ತರ ಲೆಕ್ಕವನ್ನು ಮಗು ಗಟ್ಟಿಯಾಗಿ ಓದಿ ಪುನರಾವರ್ತನೆ ಮಾಡುತ್ತಿದ್ದಾಗ, ಅಮ್ಮ ಹುರುಳಿಕಾಯಿ ಸೋಸುತ್ತ ಪಕ್ಕದಲ್ಲಿ ಕುಳಿತಿದ್ದರು. 'ಅರ್ಧ ಮನೆಗೆ, ಅರ್ಧ ಬಿಟ್ಟ ಜಾಗಕ್ಕೆ' ಎಂಬ ಮಾತು ಕಿವಿಗೆ ಬಿದ್ದೊಡನೆ ಕೈ ನಿಂತಿತು.

'ಮಗು, ಇದೇ ಲೆಕ್ಕ ನಮ್ಮ ಮನೆಗೂ ಹಾಕು ನೋಡೋಣ' ಎಂದರು. ಆಮೇಲೆ ನನ್ನ ಕಡೆ ತಿರುಗಿ, 'ಅರ್ಧ ನಿಮಗೆ ಕಣೋ. ಅರ್ಧ ಮಣ್ಣಿಗೆ. ನಾನು ಕೇಳೋದು ಅಷ್ಟೇ' ಎಂದರು. ಆರು ತಿಂಗಳ ಮೌನದ ಸುಲಭರೂಪ ಅದು. ಒಂದು ಪದವೂ ಹೆಚ್ಚಿಲ್ಲ, ಒಂದು ಪದವೂ ಕಡಿಮೆಯಿಲ್ಲ.

ಮಗು ಕಾಗದ ತೆಗೆದುಕೊಂಡಳು. ಅಗಲ ೪೦, ಉದ್ದ ೬೦, ವಿಸ್ತೀರ್ಣ ೨೪೦೦ ಚದರಡಿ. ಮನೆಗೆ ೧೨೦೦. ಮೊದಲಿನಂತೆಯೇ ಗುಣಿಸಿ, ೪ರಿಂದ ಭಾಗಿಸಿದಾಗ ಬಂದುದು:

ಯಾ-ವರ್ಗ – ೫೦ ಯಾ + ೩೦೦ = ೦

ಕೂಡಿದರೆ ೫೦, ಗುಣಿಸಿದರೆ ೩೦೦ ಬರುವ ಸಂಖ್ಯೆಗಳಿಗಾಗಿ ಅವಳು ಬಹಳ ಹುಡುಕಿದಳು. ೬ ಮತ್ತು ೫೦ ಗುಣಾಕಾರಕ್ಕೆ ಒಪ್ಪಿದರೆ ಸಂಕಲನಕ್ಕೆ ಒಪ್ಪುವುದಿಲ್ಲ. ೧೦ ಮತ್ತು ೪೦ ಸಂಕಲನಕ್ಕೆ ಒಪ್ಪಿದರೆ ಗುಣಾಕಾರಕ್ಕೆ ಒಪ್ಪುವುದಿಲ್ಲ. ಮೂವತ್ತು ನಲವತ್ತು ಪಠ್ಯಪುಸ್ತಕದ ನಿವೇಶನ. ಅದು ಅಪವರ್ತನಗಳಾಗಿ ಸೌಜನ್ಯದಿಂದ ಒಡೆದುಕೊಂಡಿತ್ತು. ನಮ್ಮದು ನಿಜವಾದ ನಿವೇಶನ. ಅದಕ್ಕೆ ಸೂತ್ರವೇ ಬೇಕಾಯಿತು.

ಆ ಸೂತ್ರ ಶ್ರೀಧರಾಚಾರ್ಯರದು. ಅವರ ಬೀಜಗಣಿತ ಗ್ರಂಥ ಇಂದು ಉಳಿದಿಲ್ಲ. ಆದರೆ ಭಾಸ್ಕರಾಚಾರ್ಯರು ತಮ್ಮ ಗ್ರಂಥದಲ್ಲಿ ಶ್ರೀಧರರ ಹೆಸರು ಹೇಳಿಯೇ ಆ ಸೂತ್ರವನ್ನು ಉಳಿಸಿಕೊಟ್ಟಿದ್ದಾರೆ. ಅಜ್ಞಾತದ ವರ್ಗಕ್ಕೆ ಇರುವ ಗುಣಕದ ನಾಲ್ಕರಷ್ಟರಿಂದ ಎರಡು ಪಕ್ಷಗಳನ್ನೂ ಗುಣಿಸು. ಅಜ್ಞಾತಕ್ಕೆ ಇರುವ ಗುಣಕದ ವರ್ಗವನ್ನು ಎರಡು ಪಕ್ಷಗಳಿಗೂ ಕೂಡಿಸು. ಒಂದು ಪಕ್ಷ ತಾನಾಗಿ ಪೂರ್ಣವರ್ಗವಾಗುತ್ತದೆ. ಹೀಗೆ ಮಾಡಿದರೆ ನಡುವೆ ಎಲ್ಲಿಯೂ ಭಿನ್ನರಾಶಿ ಕಾಡುವುದಿಲ್ಲ. 'ಈಗ ತಾನೇ ನಾಲ್ಕರಿಂದ ಭಾಗಿಸಿದೆ, ಮತ್ತೆ ನಾಲ್ಕರಿಂದ ಗುಣಿಸಬೇಕಾ?' ಎಂದು ಮಗು ಮುನಿಸಿಕೊಂಡಳು. ಗುಣಿಸಲೇಬೇಕು, ಕೆಲವು ಗಂಟುಗಳನ್ನು ಬಿಚ್ಚುವುದಕ್ಕೆ ಮೊದಲು ದಾರವನ್ನು ತುಸು ಸಡಿಲ ಬಿಡಬೇಕಾಗುತ್ತದೆ. ೩೦೦ನ್ನು ಆಚೆಯ ಪಕ್ಷಕ್ಕೆ ಕಳುಹಿಸಿ, ನಾಲ್ಕರಿಂದ ಗುಣಿಸಿ, ೫೦ರ ವರ್ಗವಾದ ೨೫೦೦ನ್ನು ಎರಡೂ ಕಡೆ ಕೂಡಿಸಿದರೆ, ಒಂದು ಕಡೆ (೨ ಯಾ – ೫೦) ಎಂಬುದರ ವರ್ಗ; ಇನ್ನೊಂದು ಕಡೆ ೨೫೦೦ರಲ್ಲಿ ೧೨೦೦ ಕಳೆದು ೧೩೦೦.

ಈ ೧೩೦೦ಕ್ಕೆ ಪಠ್ಯಪುಸ್ತಕದಲ್ಲಿ ಶೋಧಕವೆಂದು ಹೆಸರು. ಅದು ಋಣವಾಗಿದ್ದರೆ ಲೆಕ್ಕ ಅಲ್ಲಿಗೆ ಮುಗಿಯುತ್ತಿತ್ತು. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಮಹಾವೀರಾಚಾರ್ಯರು ಮಾನ್ಯಖೇಟದ ಕಾಲದಲ್ಲಿಯೇ ಹೇಳಿದ್ದಾರೆ. ನಮ್ಮ ಶೋಧಕ ಧನವಾಗಿತ್ತು. ಅಮ್ಮನ ಬೇಡಿಕೆಗೆ ವಾಸ್ತವವಾದ ಪರಿಹಾರವಿದೆ ಎಂದು ಗಣಿತಶಾಸ್ತ್ರವೇ ಸಾಕ್ಷಿ ನುಡಿಯಿತು.

ಇನ್ನು ಸುಲಭೀಕರಣ. ೧೩೦೦ ಪೂರ್ಣವರ್ಗವಲ್ಲ, ಆದರೆ ಅದರೊಳಗೆ ಒಂದು ಪೂರ್ಣವರ್ಗ ಅಡಗಿದೆ. ೧೩೦೦ ಎಂದರೆ ೧೦೦ ಗುಣಿಸು ೧೩. ನೂರರ ಮೂಲ ಹತ್ತು ಹೊರಗೆ ಬರುತ್ತದೆ. ಹದಿಮೂರು ಒಳಗೇ ಉಳಿಯುತ್ತದೆ. ಹೀಗೆ ಮೂಲಚಿಹ್ನೆಯೊಳಗೆ ಉಳಿದ ಸಂಖ್ಯೆಗೆ ಕರಣಿ ಎಂದು ಹೆಸರು. ಆದ್ದರಿಂದ ೨ ಯಾ ಎಂದರೆ ೫೦ರಲ್ಲಿ ೧೦ √೧೩ ಕಡಿಮೆ. ಈಗ ಎರಡರಿಂದ ಭಾಗಿಸಬೇಕು. ಮಗು ಐವತ್ತನ್ನು ಹೊಡೆದು ೨೫ ಎಂದು ಬರೆದಳು. ೧೦ √೧೩ ಎಂಬುದನ್ನು ಹಾಗೆಯೇ ಬಿಟ್ಟಳು. ವಿದ್ಯಾರ್ಥಿಲೋಕದಲ್ಲಿ ಇದು ಬಹಳ ಹಳೆಯ ರೂಢಿ. ಹಂಚಿಕೊಂಡು ಹೊರಬೇಕಾದ ಭಾರವನ್ನು ಒಬ್ಬನ ಮೇಲೆ ಹಾಕಿ ಇನ್ನೊಬ್ಬನನ್ನು ಬಿಟ್ಟುಬಿಡುವುದು.

ನಾನು ತಿದ್ದಲಿಲ್ಲ, 'ತಾಳೆ ನೋಡು' ಎಂದೆ. ಹದಿಮೂರರ ಮೂಲ ಸುಮಾರು ೩.೬, ಹತ್ತರಿಂದ ಗುಣಿಸಿದರೆ ೩೬, ೨೫ರಲ್ಲಿ ೩೬ ಕಳೆದರೆ ಋಣ ೧೧. ಅಂದರೆ ನಮ್ಮ ಮನೆಯ ಗೋಡೆ ನಮ್ಮ ಗಡಿಯನ್ನು ದಾಟಿ, ನಾಲ್ಕು ದಿಕ್ಕಿಗೂ ಹನ್ನೊಂದು ಅಡಿ ಮುಂದೆ ಹೋಗಬೇಕು! ಎಡಗಡೆಯ ನೆರೆಯವರ ಅಡುಗೆಮನೆಯ ಒಲೆ ನಮ್ಮ ನಡುಮನೆಗೆ ಬರುತ್ತದೆ. ಮುಂದೆ ರಸ್ತೆಯ ವಿದ್ಯುತ್ ಕಂಬ ನಮ್ಮ ದೇವರಮನೆಗೆ ಬರುತ್ತದೆ. ಮಗು ನಕ್ಕು ನಕ್ಕು, ತಾನೇ ತಿದ್ದಿಕೊಂಡಳು. ಎರಡು ಪದಗಳಿಗೂ ಸಮಾನವಾಗಿ ಭಾಗಿಸಿ ಬರೆದ ಉತ್ತರ: ೨೫ – ೫ √೧೩. ಇನ್ನೊಂದು ಮೂಲ ೨೫ + ೫ √೧೩, ಸುಮಾರು ೪೩ ಅಡಿ; ೪೦ ಅಡಿ ಅಗಲದ ನಿವೇಶನದಲ್ಲಿ ಅದು ಋಣ ಕಪಿಗಳ ಬಳಗಕ್ಕೆ ಸೇರಿದ್ದು.

ಆ ರಾತ್ರಿ ಅಣ್ಣ ಬಂದಾಗ ಅಮ್ಮನೇ ಕಾಗದವನ್ನು ಆತನ ತಟ್ಟೆಯ ಪಕ್ಕದಲ್ಲಿ ಇಟ್ಟರು. ಎಂಜಿನಿಯರು ಒಮ್ಮೆ ಕಣ್ಣಾಡಿಸಿದ. ೫ √೧೩ ಎಂದರೆ ೧೮ ಅಡಿಗೆ ತುಸು ಹೆಚ್ಚು. ಉತ್ತರ ೭ ಅಡಿಗೆ ತುಸು ಕಡಿಮೆ. ಎಷ್ಟು ಕಡಿಮೆ? ಒಂದು ಅಂಗುಲದ ಮೂರನೆಯ ಒಂದು ಭಾಗ. 'ಏಳು ಅಡಿ ಬಿಡಬೇಕು ಅಂತೀಯಾ ಅಮ್ಮ?' ಎಂದ. 'ನಾನಲ್ಲಪ್ಪ, ಲೆಕ್ಕ ಅನ್ನುತ್ತೆ' ಎಂದರು ಅಮ್ಮ.

ಅಣ್ಣ ತಕ್ಷಣ ವಿರೋಧಿಸಲಿಲ್ಲ. ಆತನನ್ನು ಯೋಚನೆಗೆ ಹಚ್ಚಿದ ಸಂಗತಿ ಬೇರೆ. ಅರ್ಧ ಬಿಟ್ಟ ಮೇಲೂ ಉಳಿಯುವುದು ೧೨೦೦ ಚದರಡಿ. ಅಂದರೆ ಒಂದು ಇಡೀ ಮೂವತ್ತು ನಲವತ್ತು! ನಮ್ಮ ಬೀದಿಯ ಕೊನೆಯಲ್ಲಿ ಎಷ್ಟೋ ಸಂಸಾರಗಳು ಇಡೀ ನಿವೇಶನವೆಂದು ಹೇಳಿಕೊಳ್ಳುವಷ್ಟು ಜಾಗವನ್ನು ನಾವು ಅರ್ಧವೆಂದು ಹೇಳಿ ಕೊರಗುತ್ತಿದ್ದೆವು. ಮೂರು ಅಂತಸ್ತಿನ ಬದಲು ಎರಡು ಮಾಡಿ, ಮೇಲಿನದನ್ನು ಬಾಡಿಗೆಗೆ ಕೊಟ್ಟರೆ ಸಾಲದ ಕಂತು ಹೇಗೋ ನಡೆಯುತ್ತದೆ. ಸಾಲವನ್ನೇ ಕಡಿಮೆ ಮಾಡಿದರೆ ಇನ್ನೂ ಚೆನ್ನಾಗಿ ನಡೆಯುತ್ತದೆ ಎಂದು ಅತ್ತಿಗೆ ಅಂಕಿಗಳೊಡನೆ ತೋರಿಸಿದರು. ಅವರು ಅಷ್ಟು ದಿನ ಆ ಲೆಕ್ಕವನ್ನು ಎಲ್ಲಿ ಇಟ್ಟುಕೊಂಡಿದ್ದರೋ ನಾನರಿಯೆ.

ಉಳಿದದ್ದು ಕಾರು. ಏಳಡಿ ಓಣಿಯಲ್ಲಿ ಕಾರು ಹೋಗುತ್ತದೆ. ಆದರೆ ಬಾಗಿಲು ತೆರೆಯದೆ ಹೋದವನು ಒಳಗೇ ಕುಳಿತಿರಬೇಕಾಗುತ್ತದೆ. ಇದಕ್ಕೆ ದಾರಿ ತೋರಿಸಿದವಳು ಮಗು. 'ಎರಡು ಕಡೆ ಸೇರಿ ಹದಿನಾಲ್ಕು ಅಡಿ ತಾನೇ? ಮನೇನ ಪಡುವಲಕ್ಕೆ ಮೂರಡಿ ಸರಿಸಿದರೆ ಆ ಕಡೆ ನಾಲ್ಕು, ಈ ಕಡೆ ಹತ್ತು. ಮನೆಯ ವಿಸ್ತೀರ್ಣ ಅಷ್ಟೇ ಇರುತ್ತೆ, ಅಜ್ಜಿಯ ಮಣ್ಣೂ ಅಷ್ಟೇ ಇರುತ್ತೆ.' ರೂಪ ಬದಲಾಯಿತು, ಬೆಲೆ ಬದಲಾಗಲಿಲ್ಲ. ನಾಲ್ಕಡಿಯ ಕಡೆ ಕರಿಬೇವು, ದಾಸವಾಳ. ಹತ್ತಡಿಯ ಕಡೆ ಕಾರು. ಅಲ್ಲಿ ಸಿಮೆಂಟು ಬೇಡವೆಂದೂ, ಚಕ್ರಗಳಿಗೆ ಎರಡು ಸಾಲು ಚಪ್ಪಡಿಕಲ್ಲು ಹಾಸಿ ನಡುವೆ ಹುಲ್ಲು ಬಿಡುವುದೆಂದೂ ಒಪ್ಪಂದವಾಯಿತು. ಪಾರಿಜಾತ ಮೂಡಲ ಗೋಡೆಯ ಬಳಿಯೇ ನಿಲ್ಲುತ್ತದೆ. 'ಬೆಳಗಾದರೆ ಕಾರಿನ ಮೇಲೆಲ್ಲ ಹೂವು' ಎಂದು ಅಣ್ಣ ಗೊಣಗಿದ. 'ಒಳ್ಳೇದೇ ಆಯಿತು, ನಾನು ಬಗ್ಗಿ ಆರಿಸೋದು ತಪ್ಪಿತು' ಎಂದರು ಅಮ್ಮ.

ಸಮೀಕರಣ ನಮ್ಮ ಮನೆಯ ಜಗಳವನ್ನು ತೀರಿಸಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಅಮ್ಮನ ಮಾತು ಆರು ತಿಂಗಳಿಂದಲೂ ಅಲ್ಲಿಯೇ ಇತ್ತು. ಅಣ್ಣನ ಕಷ್ಟವೂ ಅಲ್ಲಿಯೇ ಇತ್ತು. ಒಬ್ಬರ ಪದವನ್ನು ಹೊಡೆದುಹಾಕಿ ಇನ್ನೊಬ್ಬರದನ್ನು ಉಳಿಸಿಕೊಳ್ಳುವುದನ್ನೇ ನಾವು ಸುಲಭವೆಂದು ತಿಳಿದಿದ್ದೆವು. ಎರಡು ಪದಗಳನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿದ ಮೇಲೆ ನಿಜವಾದ ಸುಲಭರೂಪ ಕಾಣಿಸಿತು.

ಕೊನೆಗೆ ಮೇಸ್ತ್ರಿಗೆ ಅಳತೆ ಕೊಡುವ ದಿನ ಬಂದಿತು. ಕರಣಿಯನ್ನು ದಾರ ಹಿಡಿದು ಅಳೆಯಬಲ್ಲ ಮೇಸ್ತ್ರಿ ಬನಶಂಕರಿಯಲ್ಲಿ ಇಲ್ಲ. ಒಂದು ಅಂಗುಲದ ಮೂರನೆಯ ಭಾಗವನ್ನು ಅಣ್ಣ ಉದಾರವಾಗಿ ಮಣ್ಣಿಗೆ ಬಿಟ್ಟುಕೊಟ್ಟು, ಪೂರ್ತಿ ಏಳಡಿಯ ಲೆಕ್ಕದಲ್ಲಿಯೇ ಅಳತೆ ಬರೆದ. ಮನೆ ೨೬ ಅಡಿಗೆ ೪೬ ಅಡಿ. ಮಗು ಗುಣಿಸಿ ನೋಡಿದಳು: ೧೧೯೬. 'ಅಜ್ಜಿ, ಮನೆಗೆ ನಾಲ್ಕು ಚದರಡಿ ಕಮ್ಮಿಯಾಯಿತು, ನಿನ್ನ ಮಣ್ಣಿಗೆ ನಾಲ್ಕು ಜಾಸ್ತಿ!'

ಅಮ್ಮ ಅಂಗಳಕ್ಕೆ ಹೋಗಿ, ಈಶಾನ್ಯದಲ್ಲಿ ನಿಂತು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಡ್ಡಿಯಿಂದ ನೆಲದ ಮೇಲೆ ಒಂದು ಚೌಕ ಎಳೆದರು. ಎರಡು ಅಡಿಗೆ ಎರಡು ಅಡಿ. ತುಳಸಿಕಟ್ಟೆ ಅಲ್ಲಿಗೆ ಬರಬೇಕೆಂದು ಮೇಸ್ತ್ರಿಗೆ ಹೇಳಿದರು.